ಟೊಮ್ಯಾಟೊ ಹೊಲದಲ್ಲಿ ರಾಸಾಯನಿಕ ಔಷಧಿ ಪೂರ್ತಿ ಬಿಡಬಹುದೇ?

ಪರ

ಬಿಡಬಹುದು, ಆದರೆ ಕೆಲಸ ನಾಟಿಗೆ ಮೊದಲೇ ಶುರುವಾಗಬೇಕು. ಕಾಯಿಕೊರಕದ ಪತಂಗ ಟೊಮ್ಯಾಟೊಗಿಂತ ಹೆಚ್ಚಾಗಿ ಚೆಂಡುಹೂವಿನ ಮೇಲೆ ಮೊಟ್ಟೆ ಇಡುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೇಳಿಕೊಟ್ಟ ಕ್ರಮದ ಬುನಾದಿ ಇದೇ: 16 ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡುಹೂ. ನಾಟಿಯ ದಿನ ಟೊಮ್ಯಾಟೊ ಸಸಿಗೆ 25 ದಿನ, ಚೆಂಡುಹೂವಿನ ಸಸಿಗೆ 45 ದಿನ ಆಗಿದ್ದರೆ ಎರಡೂ ಜೊತೆಯಲ್ಲೇ ಹೂ ಬಿಡುತ್ತವೆ. ಒಂದೇ ವಯಸ್ಸಿನ ಸಸಿ ನೆಟ್ಟರೆ ಪತಂಗ ಬರುವ ಹೊತ್ತಿಗೆ ಚೆಂಡುಹೂ ಇನ್ನೂ ಮೊಗ್ಗೂ ಕಟ್ಟಿರುವುದಿಲ್ಲ.

ಉಳಿದ ಹುಳುಗಳಿಗೆ ಬೇವು. 5 ಕೆಜಿ ಬೇವಿನ ಬೀಜದ ತಿರುಳನ್ನು ಪುಡಿ ಮಾಡಿ, 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಹಿಂಡಿ ಸೋಸಿ. ನೀರು ಸೇರಿಸಿ 100 ಲೀಟರ್ ಮಾಡಿ, 200 ಗ್ರಾಂ ಸೋಪಿನ ಪುಡಿ ಕದಡಿ. ಸೋಪು ಇಲ್ಲದಿದ್ದರೆ ದ್ರಾವಣ ಎಲೆಗೆ ಅಂಟದೆ ಜಾರಿಹೋಗುತ್ತದೆ. ಬೂಸಲು ಹಿಡಿದ ಹಳೆಯ ಬೀಜ ಬೇಡ. ಬೇವಿನ ಸತ್ವ ಬಿಸಿಲಿಗೆ ಬೇಗ ಕೆಡುವುದರಿಂದ ಸಂಜೆಯೇ ಸಿಂಪಡಿಸಬೇಕು. ಬೇವು ಕೆಲಸ ಮಾಡಲಿಲ್ಲ ಎಂಬ ದೂರಿನ ಹಿಂದೆ ಬಹುಪಾಲು ಹಳೆಯ ಬೀಜ ಇಲ್ಲವೇ ಮಟಮಟ ಮಧ್ಯಾಹ್ನದ ಸಿಂಪಡಣೆ ಇರುತ್ತದೆ.

ಕಾಯಿಕೊರಕದ ಮರಿ ಹುಳು ಕಂಡರೆ ಎನ್‌ಪಿವಿ, ಅಂದರೆ ಆ ಹುಳುವಿಗೆ ರೋಗ ತರುವ ವೈರಸ್‌ನ ದ್ರಾವಣ, ಎಕರೆಗೆ 100 ಎಲ್.ಇ. (ರೋಗ ತಗುಲಿದ ಹುಳುಗಳ ಲೆಕ್ಕದ ಅಳತೆ), ಜೊತೆಗೆ ಬೆಲ್ಲ, ಇದೂ ಸಂಜೆ. ಹುಳು ಬಲಿತು ಕಾಯಿಯೊಳಗೆ ಹೊಕ್ಕ ಮೇಲೆ ಹೊಡೆದು ಫಲವಿಲ್ಲ.

ವಿರೋಧ

ಕಾಯಿಕೊರಕದ ಮಟ್ಟಿಗೆ ಇದೆಲ್ಲ ಒಪ್ಪುವ ಮಾತು. ಆದರೆ ಬೆಳೆಯನ್ನು ಬುಡಸಮೇತ ಕಳೆಯುವುದು ಬಿಳಿ ನೊಣ ಹರಡುವ ಎಲೆ ಮುಟುರು ರೋಗ. ಈ ರೋಗದ ನಂಜು (ವೈರಸ್) ಗಿಡ ಸೇರಿದ ಮೇಲೆ ಮದ್ದಿಲ್ಲ. ಬೇವು ಕೀಟವನ್ನು ತಕ್ಷಣ ಕೊಲ್ಲುವುದಿಲ್ಲ, ಹಸಿವು ಮತ್ತು ಬೆಳವಣಿಗೆಯನ್ನು ತಡೆಯುತ್ತದೆ. ಅಷ್ಟರಲ್ಲಿ ನೊಣ ರಸ ಹೀರಿ ನಂಜು ದಾಟಿಸಿರುತ್ತದೆ. ಸಸಿಮಡಿಗೆ ಒತ್ತು ಕಣ್ಣಿನ ನೈಲಾನ್ ಪರದೆ ಕಟ್ಟಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನಾಟಿಯಾದ ಮೇಲೆ ಆ ಪರದೆ ಎಲ್ಲಿ? ಪಕ್ಕದ ಹೊಲದಲ್ಲಿ ರೋಗ ಹಿಡಿದ ಹಳೆಯ ಬೆಳೆ ನಿಂತಿದ್ದರೆ ನೊಣ ದಿನವೂ ಹಾರಿ ಬರುತ್ತದೆ.

2014ರಲ್ಲಿ ಭಾರತದಲ್ಲಿ ಕಾಣಿಸಿಕೊಂಡ ಟೂಟಾ ಎಂಬ ಪತಂಗ ಇನ್ನೊಂದು ತಲೆನೋವು. ಅದರ ಮರಿ ಎಲೆಯ ಎರಡು ಪದರದ ನಡುವೆ ಸುರಂಗ ಕೊರೆದು ಕೂರುತ್ತದೆ. ಕಾಯಿಕೊರಕದ ಎನ್‌ಪಿವಿ ಅದಕ್ಕೆ ತಾಗದು. ಹೆಣ್ಣಿನ ವಾಸನೆಯಿಂದ ಸೆಳೆಯುವ ಮೋಹಕ ಬಲೆಗೆ ಬೀಳುವುದು ಗಂಡು ಪತಂಗ ಮಾತ್ರ, ಬೇರೆಡೆ ಕೂಡಿ ಬಂದ ಹೆಣ್ಣು ಮೊಟ್ಟೆ ಇಟ್ಟೇ ಇಡುತ್ತದೆ. ಚೆಂಡುಹೂವೂ ನಿರಪಾಯವಲ್ಲ: ಬೇಸಿಗೆಯಲ್ಲಿ ಅದರಲ್ಲಿ ಥ್ರಿಪ್ಸ್, ಕೆಂಪು ನುಸಿ ಎರಡೂ ತುಂಬಿಕೊಳ್ಳುತ್ತವೆ. ಅರಳಿದ ಹೂ ಆಗಾಗ ಕೀಳದಿದ್ದರೆ ಅವು ಟೊಮ್ಯಾಟೊಗೆ ಇಳಿಯುತ್ತವೆ.

ಹಾಗಾಗಿ ಎಳೆಯ ಗಿಡದ ಹಂತದಲ್ಲಿ, ಬಿಳಿ ನೊಣ ಕಂಡಾಗ ಮಾತ್ರ, ಟೊಮ್ಯಾಟೊಗೆ ಅನುಮತಿ ಇರುವ ಔಷಧಿಯನ್ನು ಲೇಬಲ್‌ನ ಪ್ರಮಾಣದಲ್ಲಿ ಬಳಸುವ ಅವಕಾಶ ಉಳಿದಿರಲಿ. ಹೂ ಬಿಟ್ಟ ಮೇಲೆ ನಿಲ್ಲಿಸಿ, ಮುಂದಿನದನ್ನು ಬೇವು, ಎನ್‌ಪಿವಿಗೆ ಒಪ್ಪಿಸಬಹುದು.