ನಾಸ್ತಿಕರ ಸಿಟ್ಟು: ಚೆನ್ನೈಯಲ್ಲಿ ಒಂದು ರೀತಿ, ನಮ್ಮ ಕಡೆ ಒಂದು ರೀತಿ

ದೇವರನ್ನು ಪೂಜಿಸುವವನು ಕಾಡುಮನುಷ್ಯ ಎಂದು ತಮಿಳುನಾಡಿನಲ್ಲಿ ನಾಸ್ತಿಕ ನಾಯಕ ಪೆರಿಯಾರ್ ಅವರ ಎಷ್ಟೋ ಪ್ರತಿಮೆಗಳ ಪೀಠದಲ್ಲಿ ಕೆತ್ತಿದೆ. ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದವರು ಅದರ ಅರ್ಥ ಕೇಳಿ ಹೌಹಾರುತ್ತಾರೆ. ‘ನಮ್ಮ ಬಸವಣ್ಣನವರು ಎಷ್ಟ್ ಛಂದ ಹೇಳ್ಯಾರ, ಇವರಿಗ್ಯಾಕ್ರಿ ಇಷ್ಟ್ ಸಿಟ್ಟು?’

ಬಸವಣ್ಣನವರು ಹೇಳಿದ್ದೇನು ಮೆತ್ತಗಿಲ್ಲ. ಕಲ್ಲಿನ ನಾಗರಕ್ಕೆ ಹಾಲೆರೆದು ದಿಟದ ನಾಗರವನ್ನು ಹೊಡೆಯುವವರನ್ನು 12ನೇ ಶತಮಾನದಲ್ಲೇ ಝಾಡಿಸಿದರು. ಆದರೆ ಆ ಸಿಟ್ಟೂ ಕೂಡಲಸಂಗಮದೇವನ ಹೆಸರಿನಲ್ಲೇ ಮುಗಿಯುತ್ತದೆ. ಹಾಗಾಗಿ ದೇವರನ್ನು ಬಿಟ್ಟು ಸಿಟ್ಟನ್ನಷ್ಟೇ ಉಳಿಸಿಕೊಂಡವನಿಗೆ ನಮ್ಮಲ್ಲಿ ಜಾಗವಿಲ್ಲ. ಓದಿದ ಸೊಕ್ಕು ಅಂದುಬಿಡುತ್ತೇವೆ. ಇದು ಅನ್ಯಾಯ.

ದೇವರಿಗೆ ಸಾಕ್ಷಿಯಿಲ್ಲ ಎಂಬ ತರ್ಕದಿಂದ ನಾಸ್ತಿಕರ ಕಣ್ಣು ಕೆಂಪಾಗುವುದು ಕಡಿಮೆ. ಮನೆಯಲ್ಲಿ, ಓಣಿಯಲ್ಲಿ ಆದದ್ದರಿಂದ ಆಗುತ್ತದೆ. ಸವದತ್ತಿ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟುವುದನ್ನೇ, ಅಂದರೆ ಹುಡುಗಿಯರನ್ನು ದೇವದಾಸಿಯಾಗಿ ಬಿಡುವುದನ್ನೇ ನೋಡಿ. ಬೆಳಗಾವಿ, ವಿಜಯಪುರ ಮುಂಬೈ ಪ್ರಾಂತ್ಯದಲ್ಲಿದ್ದಾಗ, 1934ರಲ್ಲೇ ಅದಕ್ಕೆ ಕಾಯ್ದೆಯ ತಡೆ ಬಂತು. ನಿಲ್ಲಲಿಲ್ಲ. 1982ರಲ್ಲಿ ಕರ್ನಾಟಕ ಮತ್ತೊಂದು ಕಾಯ್ದೆ ಮಾಡಿತು: ಮುತ್ತು ಕಟ್ಟಿದವರಿಗೆ 3 ವರ್ಷದವರೆಗೆ ಜೈಲು, ಅವರು ತಂದೆತಾಯಿಯೋ ಬಂಧುಗಳೋ ಆದರೆ 2ರಿಂದ 5 ವರ್ಷ. ಎಡವಿದ್ದು ಅಲ್ಲೇ. ದೂರು ಕೊಡಬೇಕಾದವಳು ಮಗಳು, ಒಳಗೆ ಹೋಗುವವಳು ಅವ್ವ. ಯಾವ ಮಗಳು ಠಾಣೆ ಮೆಟ್ಟಿಲು ಹತ್ತಾಳು? ಅವ್ವನ ಮೇಲೆ ತೋರಿಸಲಾಗದ ಸಿಟ್ಟು ದೇವಿಯ ಮೇಲೆ ತಿರುಗುತ್ತದೆ, ಜಾತ್ರೆಗೆ ಹೊರಟವರ ಮೇಲೂ. ಭಂಡಾರ ಹಚ್ಚಿಕೊಂಡು ಹೊರಟ ಮುದುಕಿಯನ್ನು ಬೈಯುವುದು ತಪ್ಪೇ, ಆದರೆ ಆ ಸಿಟ್ಟು ಸೊಕ್ಕಿನದಲ್ಲ.

ತಮಿಳರಲ್ಲಿ ಪೀಠದ ಬೈಗುಳದ ಹಿಂದೆ ಒಂದು ಕೆಲಸವೂ ನಡೆದಿದೆ. 1925ರಲ್ಲಿ ಶುರುವಾದ ಪೆರಿಯಾರ್ ಅವರ ಸ್ವಾಭಿಮಾನ ಚಳವಳಿ ಪುರೋಹಿತರಿಲ್ಲದೆ ಮದುವೆ ಮಾಡಿಸಿತು. ನ್ಯಾಯಾಲಯ ಒಪ್ಪಲಿಲ್ಲ. 1967ರಲ್ಲಿ ಅಣ್ಣಾದುರೈ ಸರ್ಕಾರ ಹಿಂದೂ ವಿವಾಹ ಕಾಯ್ದೆಗೆ 7ಎ ಕಲಂ ಸೇರಿಸಿ ಹಿಂದಿನ ಮದುವೆಗಳನ್ನೂ ಊರ್ಜಿತಗೊಳಿಸಿತು. ಬಂಧುಗಳೋ ಗೆಳೆಯರೋ ಬೇರೆಯವರೋ ಎದುರಿಗಿರಬೇಕು. ಇಬ್ಬರೂ ತಮಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಗೆ ಹೇಳಿದರಾಯಿತು, ಇಲ್ಲವೇ ಹಾರ ಬದಲಿಸಿದರೂ, ತಾಳಿ ಕಟ್ಟಿದರೂ ನಡೆಯುತ್ತದೆ. ದೇವರ ಹೆಸರು ಬೇಕಿಲ್ಲ, ಯಾರನ್ನೂ ಬೈಯಬೇಕಾಗಿಯೂ ಇಲ್ಲ.

ಕರ್ನಾಟಕದಲ್ಲಿ ಆ ಕಲಂ ಇಲ್ಲ. ಶಾಸ್ತ್ರ ಬೇಡವೆಂದ ಜೋಡಿಗೆ ಉಳಿಯುವುದು 1954ರ ವಿಶೇಷ ವಿವಾಹ ಕಾಯ್ದೆ. ಅದರ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚಿ 30 ದಿನ ಕಾಯಬೇಕು. ಹುಡುಗಿಯ ಮನೆಯವರಿಗೆ ಸುದ್ದಿ ಮುಟ್ಟಿ, ಅವಳನ್ನು ಊರಿಗೆ ಕರೆದೊಯ್ಯಲು ಅಷ್ಟು ದಿನ ಧಾರಾಳ ಸಾಕು.