ಕೋಟಿನವನು ಬಂದ

ನಮ್ಮಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಹೋದ ಮಳೆಗಾಲದಿಂದ ರಾತ್ರಿ ಊಟ ಮುಗಿಸಿ ನನ್ನ ಜೊತೆ ಕೂತು ಐವತ್ತು ವರ್ಷ ಹಳೆಯ ಒಂದು ಅಮೆರಿಕನ್ ಧಾರಾವಾಹಿ ನೋಡುತ್ತಿದ್ದಾರೆ. ಹೆಸರು ಕೊಲಂಬೋ. ಶ್ರೀಲಂಕಾದ ಊರಲ್ಲ, ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯ ಒಬ್ಬ ಲೆಫ್ಟಿನೆಂಟ್. ಸುಕ್ಕುಸುಕ್ಕಾದ ಮಳೆಕೋಟು, ಬೆರಳ ಸಂದಿಯಲ್ಲಿ ಅರ್ಧ ಸೇದಿದ ಸಿಗಾರ್, ಬಾಚಣಿಗೆ ಕಾಣದ ತಲೆ. ಅಮ್ಮ ಅವನಿಗೆ ಇಟ್ಟಿರುವ ಹೆಸರು ಕೋಟಿನವನು. ಕೊಲೆ ಆಗಿ ಎಷ್ಟೋ ಹೊತ್ತಾದರೂ ಅವನು ಕಾಣಿಸದಿದ್ದರೆ, 'ಎಲ್ಲೇ, ಕೋಟಿನವನು ಇನ್ನೂ ಬರ್ಲೇ ಇಲ್ಲ' ಅಂತ ಚಡಪಡಿಸುತ್ತಾರೆ.

ಎರಡನೇ ದಿನವೋ ಮೂರನೇ ದಿನವೋ ಅಮ್ಮ ಇದ್ದಕ್ಕಿದ್ದಂತೆ ಅಂದರು, 'ಇವನಿಗೆ ಒಂದು ಕಣ್ಣು ಕಾಣಲ್ಲ ಕಣೇ.'

ನಾನು ಹೇಳಿರಲಿಲ್ಲ. ಧಾರಾವಾಹಿಯಲ್ಲೂ ಅಷ್ಟು ಹೊತ್ತಿಗೆ ಯಾರೂ ಹೇಳಿರಲಿಲ್ಲ. ಅಮ್ಮನಿಗೆ ಹೇಗೆ ಗೊತ್ತಾಯಿತು ಅಂದರೆ, ಅವರ ತಮ್ಮ, ನಮ್ಮ ಚಿಕ್ಕ ಮಾವ, ಹುಡುಗನಾಗಿದ್ದಾಗಲೇ ಕಬ್ಬಿನ ಗದ್ದೆಯಲ್ಲಿ ಗರಿ ಹೊಡೆದು ಬಲಗಣ್ಣು ಕಳೆದುಕೊಂಡವರು. ಮಾವ ಯಾರನ್ನಾದರೂ ನೋಡಬೇಕಾದರೆ ಕಣ್ಣು ಹೊರಳಿಸುವುದಿಲ್ಲ, ಕತ್ತನ್ನೇ ತಿರುಗಿಸುತ್ತಾರೆ. ಬಲಗಡೆ ಯಾರಾದರೂ ಬಂದು ನಿಂತರೆ ಇಡೀ ಮೈ ತಿರುಗುತ್ತದೆ. ಕಾಫಿ ಬಗ್ಗಿಸುವ ಮುಂಚೆ ಲೋಟದ ಅಂಚನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಾರೆ. ಅಮ್ಮ ಇದನ್ನು ವರ್ಷಗಟ್ಟಲೆ ನೋಡಿದ್ದಾರೆ. ಹಾಗಾಗಿ ಕೋಟಿನವನು ಬಾಗಿಲಲ್ಲಿ ನಿಂತು ತಲೆ ಓರೆ ಮಾಡಿಕೊಂಡು ಕೋಣೆ ನೋಡುವಾಗ ಅವರಿಗೆ ಕಂಡಿದ್ದು ತಮ್ಮನೇ.

ಈ ಬರಹಕ್ಕೆ ಅಮ್ಮನ ಆ ಒಂದು ಮಾತೇ ಕಾರಣ. ಕೊಲಂಬೋ ಬಗ್ಗೆ ಯಾರನ್ನು ಕೇಳಿದರೂ ಒಂದೇ ಮಾತು ಹೇಳುತ್ತಾರೆ: ಪೆದ್ದನ ಹಾಗೆ ನಾಟಕ ಆಡಿ ಬುದ್ಧಿವಂತ ಕೊಲೆಗಾರರನ್ನು ಬಲೆಗೆ ಬೀಳಿಸುತ್ತಾನೆ ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಅದು ಆ ಪಾತ್ರ ಮಾಡಿದ ಪೀಟರ್ ಫಾಲ್ಕ್ ಎಂಬ ನಟನಿಗೆ ಮಾಡುವ ಅನ್ಯಾಯ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತಿದೆ. ಆ ತಡವರಿಕೆ, ಆ ಜೇಬು ತಡಕಾಡುವುದು, 'ನನಗೆ ಇದು ಗೊತ್ತಾಗಲಿಲ್ಲ ಸಾರ್, ಸ್ವಲ್ಪ ಬಿಡಿಸಿ ಹೇಳ್ತೀರಾ' ಅನ್ನುವುದು, ಇದರಲ್ಲಿ ಮುಕ್ಕಾಲು ಪಾಲು ಅವನ ಬದುಕಿನಿಂದಲೇ ಬಂದಿದ್ದು.

ಹುಟ್ಟಿದ್ದು 1927ರ ಸೆಪ್ಟೆಂಬರ್ 16, ನ್ಯೂಯಾರ್ಕ್‌ನಲ್ಲಿ. ಬೆಳೆದಿದ್ದು ಹಡ್ಸನ್ ನದಿ ದಡದ ಆಸಿನಿಂಗ್ ಎಂಬ ಊರಲ್ಲಿ, ಅಪ್ಪನದು ಬಟ್ಟೆ ಅಂಗಡಿ. ಮೂರು ವರ್ಷದ ಮಗುವಿಗೆ ಕಣ್ಣಿನ ಕ್ಯಾನ್ಸರ್ ಬಂತು, ಬಲಗಣ್ಣು ತೆಗೆಯಬೇಕಾಯಿತು. ಅಲ್ಲಿಂದ ಸಾಯುವವರೆಗೂ ಗಾಜಿನ ಕಣ್ಣು. ಹೈಸ್ಕೂಲಿನಲ್ಲಿ ಬೇಸ್‌ಬಾಲ್ ಆಡುವಾಗ ಒಮ್ಮೆ ಅಂಪೈರ್ ತಪ್ಪಾಗಿ ಔಟ್ ಕೊಟ್ಟ ಅಂತ ಸಿಟ್ಟು ಬಂದು, ಆ ಗಾಜಿನ ಕಣ್ಣನ್ನೇ ತೆಗೆದು ಅವನ ಕೈಗೆ ಕೊಟ್ಟು, ಇದನ್ನು ಹಾಕ್ಕೊಂಡು ನೋಡು ಅಂದನಂತೆ. ಸಂದರ್ಶನದಲ್ಲಿ ಅವನೇ ಹೇಳಿಕೊಂಡಿದ್ದಾನೆ. ಮಕ್ಕಳ ನಡುವೆ ಹಾಗೆ ಬೆಳೆಯುವುದು ಎಷ್ಟು ಕಷ್ಟ ಅಂತ ನನಗೆ ಮಾವನನ್ನು ನೋಡಿ ಗೊತ್ತು. ಮಾವನಿಗೆ ಊರಲ್ಲಿ ಇಟ್ಟಿದ್ದ ಅಡ್ಡಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

ಸೇನೆ ಫಾಲ್ಕ್‌ನನ್ನು ತೆಗೆದುಕೊಳ್ಳಲಿಲ್ಲ. ಸರಕು ಹಡಗಿನಲ್ಲಿ ಅಡುಗೆಯವನಾಗಿ ಸೇರಿಕೊಂಡ. ಆಮೇಲೆ ಬಂದು ಓದಿದ, ರಾಜ್ಯಶಾಸ್ತ್ರದಲ್ಲಿ ಪದವಿ, 1953ರಲ್ಲಿ ಸಿರಕ್ಯೂಸ್ ವಿಶ್ವವಿದ್ಯಾಲಯದಿಂದ ಸಾರ್ವಜನಿಕ ಆಡಳಿತದಲ್ಲಿ ಸ್ನಾತಕೋತ್ತರ ಪದವಿ. ಸಿಐಎಗೂ ಅರ್ಜಿ ಹಾಕಿದ್ದ, ಅಲ್ಲೂ ಬೇಡ ಅಂದರು. ಕೊನೆಗೆ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಊರಲ್ಲಿ ಸರ್ಕಾರಿ ಕೆಲಸ ಸಿಕ್ಕಿತು, ಬಜೆಟ್ ಇಲಾಖೆಯಲ್ಲಿ. ಕಚೇರಿ ಕೆಲಸ ಎಲ್ಲೆಲ್ಲಿ ಸುಮ್ನೆ ತಡವಾಗುತ್ತಿದೆ, ಎಲ್ಲಿ ದುಡ್ಡು ಪೋಲಾಗುತ್ತಿದೆ ಅಂತ ಕಂಡುಹಿಡಿಯುವುದು ಅವನ ಕೆಲಸ. ಮೊದಲ ದಿನ ಕಚೇರಿ ಯಾವ ಕಟ್ಟಡದಲ್ಲಿದೆ ಅಂತಲೇ ಸಿಗದೆ ತಡವಾಗಿ ಹೋದನಂತೆ. ಇದನ್ನೂ ಅವನೇ ಹೇಳಿದ್ದು. ಕೊಲಂಬೋ ನೋಡಿದವರಿಗೆ ಈ ದೃಶ್ಯವನ್ನು ಬಿಡಿಸಿ ಹೇಳಬೇಕಾ?

ಹಗಲು ಕಚೇರಿ, ಸಂಜೆ ಹವ್ಯಾಸಿ ನಾಟಕ. ವಾರಕ್ಕೊಮ್ಮೆ ಅಲ್ಲಿಂದ ಕಾರಿನಲ್ಲಿ ವೆಸ್ಟ್‌ಪೋರ್ಟ್‌ಗೆ ಹೋಗಿ ಈವಾ ಲ ಗಾಲಿಯೆನ್ ಅನ್ನುವ ದೊಡ್ಡ ರಂಗನಟಿಯ ತರಗತಿಯಲ್ಲಿ ಕೂರುತ್ತಿದ್ದ. ಅದು ವೃತ್ತಿ ನಟರಿಗೆ ಮಾತ್ರ ಇದ್ದ ತರಗತಿ, ಇವನು ಸುಳ್ಳು ಹೇಳಿ ಸೇರಿದ್ದ. ಪ್ರತಿ ಸಲವೂ ತಡ. ಒಂದು ದಿನ ಆಕೆ ಯಾಕೆ ಯಾವಾಗಲೂ ತಡ ಅಂತ ಕೇಳಿದರು. ಹಾರ್ಟ್‌ಫರ್ಡ್‌ನಿಂದ ಬರಬೇಕು ಅಂದ. ಅಲ್ಲಿ ನಾಟಕವೇ ಇಲ್ಲವಲ್ಲ, ಹೊಟ್ಟೆಗೆ ಏನು ಮಾಡ್ತೀಯ ಅಂದರು. ಆಗ ಒಪ್ಪಿಕೊಂಡ, ನಾನು ನಟ ಅಲ್ಲ ಅಂತ. 'ಆಗಬೇಕಿತ್ತು' ಅಂದರು ಆಕೆ. ವಾಪಸ್ ಹೋಗಿ ರಾಜೀನಾಮೆ ಕೊಟ್ಟ. 1956, ಮೂವತ್ತರ ಹತ್ತಿರದ ವಯಸ್ಸು. ಸರ್ಕಾರಿ ಕೆಲಸ ಬಿಡುವುದು ಅಂದರೆ ಏನು ಅಂತ ನಮ್ಮ ಕಡೆಯ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ ಅಲ್ವಾ.

ನ್ಯೂಯಾರ್ಕ್‌ನ ಸಣ್ಣ ರಂಗಮಂದಿರಗಳಲ್ಲಿ ಪಾತ್ರ ಸಿಕ್ಕಿತು. ಸಿನಿಮಾ ಅಂತ ಹೋದಾಗ ಕೊಲಂಬಿಯಾ ಪಿಕ್ಚರ್ಸ್ ಒಡೆಯ ಹ್ಯಾರಿ ಕೋನ್ ಅಂದ ಮಾತು, ಇದೇ ದುಡ್ಡಿಗೆ ನನಗೆ ಎರಡು ಕಣ್ಣಿರುವ ನಟ ಸಿಗ್ತಾನೆ ಅಂತ. ಆ ಮಾತು ಓದಿದಾಗ ನನಗೆ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಯಿತು. ಆಮೇಲೆ ಏನಾಯಿತು ಅಂತ ಲೋಕಕ್ಕೇ ಗೊತ್ತು: 1960ರ 'ಮರ್ಡರ್, ಇಂಕ್.'ಗೆ ಆಸ್ಕರ್ ನಾಮನಿರ್ದೇಶನ, ಮರುವರ್ಷದ 'ಪಾಕೆಟ್‌ಫುಲ್ ಆಫ್ ಮಿರಾಕಲ್ಸ್'ಗೆ ಮತ್ತೊಂದು, 1962ರಲ್ಲಿ ಟೊಮೆಟೊ ಸಾಗಿಸುವ ಲಾರಿ ಚಾಲಕನ ಪಾತ್ರಕ್ಕೆ ಮೊದಲ ಎಮ್ಮಿ, ಅಂದರೆ ಅಮೆರಿಕದ ಟಿವಿ ಪ್ರಶಸ್ತಿ.

ಇನ್ನು ಕೊಲಂಬೋ. ರಿಚರ್ಡ್ ಲೆವಿನ್ಸನ್, ವಿಲಿಯಂ ಲಿಂಕ್ ಅಂತ ಇಬ್ಬರು ಸ್ನೇಹಿತರು ಹುಟ್ಟಿಸಿದ ಪಾತ್ರ. ಫಾಲ್ಕ್‌ಗಿಂತ ಮೊದಲೇ ಬೇರೆಯವರು ಅದನ್ನು ಮಾಡಿದ್ದರು. ಹಾಡುಗಾರ ಬಿಂಗ್ ಕ್ರಾಸ್ಬಿಗೂ ಕೇಳಿದ್ದರು, ಅವನು ಒಪ್ಪಲಿಲ್ಲ. 1968ರಲ್ಲಿ ಒಂದು ಟಿವಿ ಚಿತ್ರವಾಗಿ ಫಾಲ್ಕ್ ಕೈಗೆ ಬಂತು, 1971ರಲ್ಲಿ ಧಾರಾವಾಹಿ ಆಯಿತು. ಆಗ ಬಂದ ಮೊದಲ ಕಂತನ್ನು ನಿರ್ದೇಶಿಸಿದ್ದು ಇಪ್ಪತ್ತನಾಲ್ಕು ವರ್ಷದ ಒಬ್ಬ ಹುಡುಗ, ಸ್ಟೀವನ್ ಸ್ಪೀಲ್‌ಬರ್ಗ್. 2003ರವರೆಗೆ ಒಟ್ಟು 69 ಕಂತು. ಈ ಪಾತ್ರಕ್ಕೇ ನಾಲ್ಕು ಎಮ್ಮಿ.

ಆ ಕೋಟು ಸ್ಟುಡಿಯೋದ್ದಲ್ಲ, ಅವನದೇ. ನ್ಯೂಯಾರ್ಕ್‌ನ 57ನೇ ಬೀದಿಯಲ್ಲಿ ಮಳೆಗೆ ಸಿಕ್ಕಿಕೊಂಡಾಗ ಅಂಗಡಿಗೆ ನುಗ್ಗಿ 15 ಡಾಲರ್ ಕೊಟ್ಟು ತಗೊಂಡಿದ್ದು. ಡಕೋಟಾ ಪೆಜೋ ಕಾರು, ಸ್ಟುಡಿಯೋ ಮೂಲೆಯಲ್ಲಿ ಬಿದ್ದಿದ್ದನ್ನು ಅವನೇ ನೋಡಿ ಆರಿಸಿದ್ದು. ನಾಯಿ ತಂದಾಗ ಮಾತ್ರ ಬೇಡವೇ ಬೇಡ ಅಂದನಂತೆ, ಆಗಲೇ ಕೋಟು, ಕಾರು, ಸಿಗಾರ್ ಎಲ್ಲ ಜಾಸ್ತಿಯಾಗಿದೆ ಅಂತ. ಆಮೇಲೆ ಜೊಲ್ಲು ಸುರಿಸಿಕೊಂಡು ನಿಂತಿದ್ದ ಆ ಬ್ಯಾಸೆಟ್ ಹೌಂಡ್ ಮುಖ ನೋಡಿ ಒಪ್ಪಿಕೊಂಡ. ಅದಕ್ಕೆ ಹೆಸರೇ ಇಲ್ಲ. ಅದು ಬರೀ ನಾಯಿ.

ಬಾಗಿಲವರೆಗೆ ಹೋಗಿ ತಿರುಗಿ ಬಂದು 'ಇನ್ನೊಂದೇ ಒಂದು ವಿಷಯ ಸಾರ್' ಅನ್ನುತ್ತಾನಲ್ಲ, ಅದು ಹುಟ್ಟಿದ ಕಥೆ ನನಗೆ ಬಹಳ ಇಷ್ಟ. ಲೆವಿನ್ಸನ್, ಲಿಂಕ್ ಈ ಪಾತ್ರವಿದ್ದ ನಾಟಕ ಬರೆಯುವಾಗ ಒಂದು ದೃಶ್ಯ ಗಿಡ್ಡ ಆಗಿಹೋಯಿತು. ಅಷ್ಟರಲ್ಲಿ ಕೊಲಂಬೋನನ್ನು ಹೊರಗೆ ಕಳಿಸಿಯಾಗಿತ್ತು. ಮತ್ತೆ ಮೊದಲಿಂದ ಟೈಪ್ ಮಾಡಲು ಬೇಜಾರಾಗಿ ಅವನನ್ನೇ ವಾಪಸ್ ಕರೆಸಿ ಆ ಮಾತು ಸೇರಿಸಿದರು. ಬರೆಯುವವರ ಸೋಮಾರಿತನದಿಂದ ಹುಟ್ಟಿದ ಮಾತಿಗೆ ಫಾಲ್ಕ್ ಜೀವ ತುಂಬಿದ. ಜೇಬು ತಡಕಾಡುವುದು, ಪೆನ್ಸಿಲ್ ಕೇಳುವುದು ಇವನ್ನೆಲ್ಲ ಚಿತ್ರಕಥೆಯಲ್ಲಿ ಇಲ್ಲದೆಯೂ ಸೇರಿಸಿಬಿಡುತ್ತಿದ್ದ. ಎದುರಿಗಿರುವ ನಟ ನಿಜವಾಗಿಯೂ ಗಲಿಬಿಲಿ ಆಗುತ್ತಿದ್ದ, ಕ್ಯಾಮೆರಾಗೆ ಅದು ಸಿಗುತ್ತಿತ್ತು. ಸ್ಟುಡಿಯೋದವರಿಗೆ ಅವನು ಸುಲಭದ ಮನುಷ್ಯನಲ್ಲ, ಅದೂ ನಿಜ. ಒಂದೇ ದೃಶ್ಯವನ್ನು ಮತ್ತೆ ಮತ್ತೆ ತೆಗೆಸುತ್ತಿದ್ದ, ಸಂಬಳಕ್ಕೆ ಜಗಳ ಆಡುತ್ತಿದ್ದ.

ಈ ಧಾರಾವಾಹಿಯಲ್ಲಿ ಕೊಲೆ ಯಾರು ಮಾಡಿದ್ದು ಅಂತ ಮೊದಲೇ ತೋರಿಸಿಬಿಡುತ್ತಾರೆ. ಅಮ್ಮನಿಗೆ ಭಾಷೆ ಬರದೆಯೂ ಕಥೆ ತಿಳಿಯುವುದು ಅದಕ್ಕೇ. ಇನ್ನುಳಿದದ್ದು ಎರಡು ಮುಖಗಳ ಆಟ. ಒಂದು ಕಡೆ ದೊಡ್ಡ ಮನೆ, ದೊಡ್ಡ ಹೆಸರು: ಸರ್ಜನ್, ಕಾದಂಬರಿಕಾರ, ಸಂಗೀತ ನಿರ್ದೇಶಕ. ಇನ್ನೊಂದು ಕಡೆ ಸಂಬಳದ ಮನುಷ್ಯ. ಅವನ ಕೈಯಲ್ಲಿ ಬಂದೂಕು ಹೆಚ್ಚು ಕಮ್ಮಿ ಇಲ್ಲವೇ ಇಲ್ಲ, ಹೊಡೆದಾಟ ಇಲ್ಲ.

1973ರ 'ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್' ಅನ್ನುವ ಕಂತನ್ನು ದಯವಿಟ್ಟು ನೋಡಿ. ಡೊನಾಲ್ಡ್ ಪ್ಲೆಸೆನ್ಸ್ ಮಾಡಿರುವ ಕಾರ್ಸಿನಿ ಎಂಬ ವೈನ್ ಪ್ರೇಮಿ, ದ್ರಾಕ್ಷಿ ತೋಟ ಮಾರಲು ಹೊರಟ ತಮ್ಮನ ತಲೆಗೆ ಹೊಡೆದು, ವೈನ್ ನೆಲಮಾಳಿಗೆಯಲ್ಲಿ ಕಟ್ಟಿಹಾಕಿ, ತಂಪು ಮಾಡುವ ಯಂತ್ರ ನಿಲ್ಲಿಸಿ ನ್ಯೂಯಾರ್ಕ್‌ಗೆ ಹೋಗಿಬಿಡುತ್ತಾನೆ. ಗಾಳಿ ಇಲ್ಲದೆ ತಮ್ಮ ಸಾಯುತ್ತಾನೆ. ಅದೇ ವಾರ ಊರಲ್ಲಿ ವಿಪರೀತ ಬಿಸಿಲು. ಕೊಲಂಬೋ ವೈನ್ ಬಗ್ಗೆ ಏನೂ ಗೊತ್ತಿಲ್ಲದವನು. ಬಲ್ಲವರ ಹತ್ತಿರ ಹೋಗಿ ಕೇಳುತ್ತಾನೆ, ಕಲಿಯುತ್ತಾನೆ, ಕೊಲೆಗಾರನ ಹತ್ತಿರವೂ ಕಲಿಯುತ್ತಾನೆ. ಕೊನೆಗೆ ಕಾರ್ಸಿನಿಯನ್ನು ಊಟಕ್ಕೆ ಕರೆದು ಒಂದು ಒಳ್ಳೆ ವೈನ್ ತರಿಸುತ್ತಾನೆ. ಒಂದು ಗುಟುಕು ಕುಡಿದ ಕೂಡಲೇ ಕಾರ್ಸಿನಿ ಕೂಗಾಡುತ್ತಾನೆ, ಇದು ಬಿಸಿಗೆ ಕೆಟ್ಟುಹೋಗಿದೆ ಅಂತ. ಆ ಬಾಟಲಿ ಅವನ ನೆಲಮಾಳಿಗೆಯದೇ. ಅಮ್ಮನಿಗೆ ವೈನ್ ಗೊತ್ತಿಲ್ಲ, ಆದರೆ ಆ ಮುಖ ನೋಡಿ, 'ಉಪ್ಪಿನಕಾಯಿ ಜಾಡಿಗೆ ಬೂಷ್ಟು ಬಂದ್ರೆ ನನ್ನ ಹೊಟ್ಟೇನೂ ಹಿಂಗೇ ಉರಿಯುತ್ತೆ' ಅಂದರು.

ನಾನು ಹೇಳಬೇಕು ಅಂದುಕೊಂಡಿದ್ದು ಅದಾದ ಮೇಲಿನ ದೃಶ್ಯವನ್ನು. ಕೊಲಂಬೋ ಅವನನ್ನು ತನ್ನ ಹಳೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತಾ ಆ ತೋಟದ ಹತ್ತಿರ ನಿಲ್ಲಿಸುತ್ತಾನೆ. ಒಂದು ಬಾಟಲಿ, ಎರಡು ಲೋಟ ತೆಗೆಯುತ್ತಾನೆ. ಊಟ ಆದ ಮೇಲೆ ಕುಡಿಯುವ ಸಿಹಿ ವೈನ್, ಸರಿಯಾಗಿ ಆರಿಸಿದ್ದಾನೆ. ಚೆನ್ನಾಗಿ ಕಲಿತಿದ್ದೀರಿ ಅಂತ ಕಾರ್ಸಿನಿ ಹೇಳುತ್ತಾನೆ. ಆಗ ಫಾಲ್ಕ್ ಮುಖ ನೋಡಿ. ಮೇಷ್ಟ್ರ ಹತ್ತಿರ ಶಹಬ್ಬಾಸ್ ಅನ್ನಿಸಿಕೊಂಡ ಹುಡುಗನ ಮುಖ. ಕೇಸ್ ಮುಗಿದಿದೆ, ಕೊಲೆಗಾರ ಒಪ್ಪಿಕೊಂಡಾಗಿದೆ, ಇನ್ನು ಯಾರನ್ನೂ ಮೋಸ ಮಾಡಬೇಕಾಗಿಲ್ಲ. ಪೆದ್ದುತನ ವೇಷವಾಗಿದ್ದರೆ ಇಲ್ಲಿ ಕಳಚಬೇಕಿತ್ತಲ್ಲ? ಕಳಚುವುದಿಲ್ಲ. ಯಾಕೆಂದರೆ ಆ ಕಲಿಯುವ ಆಸೆ ನಿಜ, ಆ ಮರ್ಯಾದೆ ನಿಜ. ಮೂವತ್ತರ ಹತ್ತಿರ ಬಂದರೂ ತಡವಾಗಿ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಆ ಬಜೆಟ್ ಇಲಾಖೆ ನೌಕರನೇ ಇಲ್ಲಿ ಕೂತಿದ್ದಾನೆ ಅಂತ ನನಗೆ ಅನ್ನಿಸುತ್ತದೆ.

ಕೊಲಂಬೋದ ದುಡ್ಡು ಎಲ್ಲಿಗೆ ಹೋಯಿತು ಅನ್ನುವುದನ್ನೂ ಹೇಳಬೇಕು. ಗೆಳೆಯ ಜಾನ್ ಕಸಾವೆಟಿಸ್ ಯಾರೂ ಬಂಡವಾಳ ಹಾಕದ ಸಿನಿಮಾಗಳನ್ನು ಮಾಡುತ್ತಿದ್ದ. 1974ರ 'ಎ ವುಮನ್ ಅಂಡರ್ ದಿ ಇನ್‌ಫ್ಲುಯೆನ್ಸ್'ಗೆ ಫಾಲ್ಕ್ ತನ್ನ ಸ್ವಂತ ದುಡ್ಡು ಹಾಕಿದ, ಪಾತ್ರವನ್ನೂ ಮಾಡಿದ. ಹೆಂಡತಿಯ ಮನಸ್ಸು ಕೈತಪ್ಪುತ್ತಿರುವುದನ್ನು ನೋಡುತ್ತಾ ಏನು ಮಾಡಬೇಕು ಅಂತ ತಿಳಿಯದೆ ಕೂಗಾಡುವ ಗಂಡ. ಅದನ್ನು ನೋಡಿ ಎರಡು ದಿನ ನನಗೆ ಸರಿ ಹೋಗಲಿಲ್ಲ.

1987ರಲ್ಲಿ ವಿಮ್ ವೆಂಡರ್ಸ್ ಬರ್ಲಿನ್‌ನಲ್ಲಿ ತೆಗೆದ 'ವಿಂಗ್ಸ್ ಆಫ್ ಡಿಸೈರ್'ನಲ್ಲಿ ಅವನು ಪೀಟರ್ ಫಾಲ್ಕ್ ಆಗಿಯೇ ಬರುತ್ತಾನೆ. ಚಳಿ, ರಸ್ತೆ ಬದಿ ಕಾಫಿ ಅಂಗಡಿ. ಪಕ್ಕದಲ್ಲಿ ಕಣ್ಣಿಗೆ ಕಾಣದ ಒಬ್ಬ ದೇವದೂತ ನಿಂತಿದ್ದಾನೆ. ನೀನು ಕಾಣಿಸ್ತಿಲ್ಲ, ಆದರೆ ಇದ್ದೀಯ ಅಂತ ನನಗೆ ಗೊತ್ತು ಅನ್ನುತ್ತಾನೆ ಫಾಲ್ಕ್. ಕಾಫಿ, ಸಿಗರೇಟು ಎಷ್ಟು ಚೆಂದ ಅನ್ನುತ್ತಾನೆ, ಚಳಿಯಾದರೆ ಎರಡು ಕೈ ಹೀಗೆ ಉಜ್ಜಿಕೊಳ್ಳಬಹುದು ಅಂತ ಉಜ್ಜಿ ತೋರಿಸುತ್ತಾನೆ. ಆ ಕೈಗಳನ್ನು ನಾನು ಎಷ್ಟು ಸಲ ಹಿಂದಕ್ಕೆ ಓಡಿಸಿ ನೋಡಿದ್ದೇನೋ ಲೆಕ್ಕವಿಲ್ಲ.

ಕೊನೆಯ ವರ್ಷಗಳ ಬಗ್ಗೆ ಬರೆಯಲು ಮನಸ್ಸಿಲ್ಲ, ಆದರೆ ಬಿಟ್ಟರೆ ತಪ್ಪಾಗುತ್ತದೆ. ಆಲ್‌ಝೈಮರ್ ಬಂತು. ಅವನನ್ನು ಯಾರು ನೋಡಿಕೊಳ್ಳಬೇಕು ಅಂತ ಹೆಂಡತಿಗೂ ಮಗಳಿಗೂ 2009ರಲ್ಲಿ ಕೋರ್ಟಿನಲ್ಲಿ ವ್ಯಾಜ್ಯ ನಡೆಯಿತು. ತಾನು ಕೊಲಂಬೋ ಮಾಡಿದ್ದು ಈಗ ಅವನಿಗೆ ನೆನಪಿಲ್ಲ ಅಂತ ವೈದ್ಯರು ಅಲ್ಲಿ ಹೇಳಿದರು. 2011ರ ಜೂನ್ 23ರಂದು ಬೆವರ್ಲಿ ಹಿಲ್ಸ್‌ನ ಮನೆಯಲ್ಲಿ ತೀರಿಕೊಂಡ, 83 ವರ್ಷ. ಮಗಳು ಸುಮ್ಮನಿರಲಿಲ್ಲ. ಹೀಗೆ ಕಾಯಿಲೆ ಬಿದ್ದ ಅಪ್ಪ ಅಮ್ಮನನ್ನು ನೋಡುವ ಹಕ್ಕು ಮಕ್ಕಳಿಗೆ ಇರಬೇಕು ಅಂತ ಹೋರಾಡಿದರು. ಅಮೆರಿಕದ ಹಲವು ರಾಜ್ಯಗಳಲ್ಲಿ ಬಂದ ಅಂಥ ಕಾನೂನನ್ನು ಪೀಟರ್ ಫಾಲ್ಕ್ ಕಾನೂನು ಅಂತಲೇ ಕರೆಯುತ್ತಾರೆ. ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಅವನದೊಂದು ಕಂಚಿನ ಪ್ರತಿಮೆಯೂ ಇದೆ. ಕೋಟು ಹಾಕಿಕೊಂಡು ತಲೆ ಕೆರೆಯುತ್ತಾ ನಿಂತಿದ್ದಾನೆ, ಕಾಲ ಬಳಿ ನಾಯಿ.

ನಾವು ಈವರೆಗೆ ನೋಡಿರುವುದು ನಲವತ್ತೊಂದು ಕಂತು. ಹೆಚ್ಚು ಕಮ್ಮಿ ಪ್ರತಿ ಕಂತಿನಲ್ಲೂ ಕೋಟಿನವನು ತನ್ನ ಹೆಂಡತಿ ವಿಷಯ ಎತ್ತುತ್ತಾನೆ, ಅವಳಿಗೆ ಅದು ಇಷ್ಟ, ಇದು ಇಷ್ಟ ಅಂತ. 'ವೈಫ್' ಅನ್ನುವ ಪದ ಕಿವಿಗೆ ಬಿದ್ದ ತಕ್ಷಣ ಅಮ್ಮ ಎದ್ದು ಕೂರುತ್ತಾರೆ. ನಿನ್ನೆ ರಾತ್ರಿಯೂ ಕೇಳಿದರು, 'ಆಯಮ್ಮನ್ನ ಯಾವಾಗ ತೋರಿಸ್ತಾರೆ?' ಅರವತ್ತೊಂಬತ್ತರಲ್ಲಿ ಒಂದರಲ್ಲೂ ತೋರಿಸುವುದಿಲ್ಲ ಅಂತ ಹೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ.