ಫಲಕ ಹಾಕಿದವರೇ ಫೋಟೋನೂ ಕೊಟ್ಟರೆ

ನಿನ್ನೆ ಆಫೀಸಲ್ಲಿ ‘ಫ್ಯಾಮಿಲಿ ಡೇ’ ಇತ್ತು. ನನ್ನ ಆಫೀಸಿನ ಗೋಳು ಕೇಳಿ ಕೇಳಿ ಅಭ್ಯಾಸ ಆಗಿರೋ ನಿಮಗೆ ಹೆಚ್ಚು ವಿವರಿಸಬೇಕಿಲ್ಲ. ಬಲೂನು, ಆರಿ ತಣ್ಣಗಾದ ಪಲಾವ್, ಮಕ್ಕಳ ಕೆನ್ನೆ ಮೇಲೆ ಹುಲಿ ಬಣ್ಣ. ಅಲ್ಲಿವರೆಗೂ ಹಲ್ಲು ಕಚ್ಚಿ ಸಹಿಸಿಕೊಂಡೆ. ಕೊನೇಲಿ ಎಚ್‌ಆರ್‌ನವರು ಒಬ್ಬೊಬ್ಬರಿಗೂ ಒಂದೊಂದು ಫೋಟೋ ಫ್ರೇಮ್ ಕೊಟ್ಟರು ನೋಡಿ. ಮಧ್ಯದಲ್ಲಿ ಮಗು ಫೋಟೋಗೆ ಜಾಗ, ಸುತ್ತ ದಪ್ಪ ಅಕ್ಷರದಲ್ಲಿ ‘ಡೂ ಇಟ್ ಫಾರ್ ಹರ್’, ಅವಳಿಗೋಸ್ಕರ ಮಾಡು ಅಂತ. ಗಂಡು ಮಗು ಇರೋರಿಗೆ ‘ಫಾರ್ ಹಿಮ್’. ಮದುವೆ, ಮಕ್ಕಳು ಯಾವುದೂ ಇಲ್ಲದ ಹುಡುಗರಿಗೆ ‘ಫಾರ್ ದೆಮ್’, ಅಪ್ಪ ಅಮ್ಮನ ಫೋಟೋ ಹಾಕ್ಕೊಳ್ಳಿ ಅಂತ. ಯಾರನ್ನೂ ಬಿಟ್ಟಿಲ್ಲ ಪುಣ್ಯಾತ್ಮರು. ಕೆಳಗೆ ಮೂಲೇಲಿ ಕಂಪನಿ ಲೋಗೋ.

ಎಚ್‌ಆರ್ ಹುಡುಗೀನ ಕೇಳಿದೆ, ‘ಇದು ಎಲ್ಲಿಂದ ತಗೊಂಡಿದ್ದು ಗೊತ್ತೇನಮ್ಮ?’ ‘ಸಿಂಪ್ಸನ್ಸ್ ಮೀಮ್ ಮ್ಯಾಮ್, ತುಂಬಾ ಎಮೋಷನಲ್!’ ಅಂದಳು. ಎಪಿಸೋಡ್ ನೋಡಿದೀಯಾ ಅಂದ್ರೆ ಇಲ್ಲ.

ಅಲ್ಲಿಂದ ಶುರುವಾಯ್ತು ನನಗೆ ಉರಿ. ರಾತ್ರಿ ಮನೆಗೆ ಬಂದು ಆ ಎಪಿಸೋಡನ್ನ ಇನ್ನೊಂದು ಸಲ ಹಾಕಿ ನೋಡಿದೆ. ಉರಿ ಜಾಸ್ತಿ ಆಯ್ತೇ ಹೊರತು ಕಡಿಮೆ ಆಗಲಿಲ್ಲ.

ಸ್ಟಾರ್ ವರ್ಲ್ಡ್ ಚಾನೆಲ್ ಕಾಲದವರಿಗೆ ‘ದಿ ಸಿಂಪ್ಸನ್ಸ್’ ಪರಿಚಯ ಮಾಡಿಕೊಡೋದು ಬೇಡ. ಉಳಿದವರಿಗೆ ಹೇಳ್ತೀನಿ, ಅದು ಸಿಂಪ್ಸನ್ ಅನ್ನೋ ಕುಟುಂಬದ ಕಥೆ ಹೇಳೋ ಅಮೆರಿಕದ ಕಾರ್ಟೂನ್ ಧಾರಾವಾಹಿ. ಎಪಿಸೋಡ್ ಹೆಸರು ‘ಆ್ಯಂಡ್ ಮ್ಯಾಗಿ ಮೇಕ್ಸ್ ತ್ರೀ’. ಅಮೆರಿಕದಲ್ಲಿ ಫಾಕ್ಸ್ ಚಾನೆಲ್‌ನಲ್ಲಿ 1995ರ ಜನವರಿ 22ರಂದು ಬಂದಿದ್ದು. ಬರೆದದ್ದು ಜೆನಿಫರ್ ಕ್ರಿಟೆಂಡನ್, ಒಬ್ಬ ಹೆಣ್ಣುಮಗಳು. ಇದನ್ನ ಸುಮ್ಮನೆ ಹೇಳ್ತಿಲ್ಲ, ಮುಂದೆ ಬರ್ತೀನಿ.

ಮನೆಯವರೆಲ್ಲ ಕೂತು ಆಲ್ಬಮ್ ನೋಡ್ತಿರ್ತಾರೆ. ಅಣ್ಣ ಬಾರ್ಟ್, ಅಕ್ಕ ಲೀಸಾ ಇಬ್ಬರ ಫೋಟೋನೂ ಇವೆ, ಪುಟ್ಟ ಮ್ಯಾಗಿದು ಮಾತ್ರ ಒಂದೂ ಇಲ್ಲ. ಯಾಕಪ್ಪಾ ಅಂತ ಮಕ್ಕಳು ಕೇಳ್ತಾರೆ. ಅಪ್ಪ ಹೋಮರ್ ಕಥೆ ಶುರು ಮಾಡ್ತಾನೆ. ಅವನು ಸ್ಪ್ರಿಂಗ್‌ಫೀಲ್ಡ್‌ನ ಅಣು ಸ್ಥಾವರದಲ್ಲಿ ಕೆಲಸ ಮಾಡೋನು, ಮಾಲೀಕ ಬರ್ನ್ಸ್ ಅನ್ನೋ ಮುದುಕ. ಸಾಲ ಎಲ್ಲ ತೀರಿದ ದಿನ ಹೋಮರ್ ಲೆಕ್ಕ ಹಾಕ್ತಾನೆ. ಗಂಡ, ಹೆಂಡತಿ, ಎರಡು ಮಕ್ಕಳು, ಇಷ್ಟಕ್ಕೆ ಸಣ್ಣ ಸಂಬಳವೂ ಸಾಕು. ಅವನಿಗೆ ಮೊದಲಿಂದಲೂ ಇದ್ದ ಆಸೆ ಒಂದೇ, ಬೌಲಿಂಗ್ ಅಲ್ಲೆಯಲ್ಲಿ, ಅಂದ್ರೆ ಚೆಂಡು ಉರುಳಿಸಿ ಪಿನ್ ಬೀಳಿಸೋ ಆಟದ ಜಾಗದಲ್ಲಿ, ಕೆಲಸ. ಸೀದಾ ಬರ್ನ್ಸ್ ಕೋಣೆಗೆ ನುಗ್ಗಿ, ಅವನ ಬೋಳು ತಲೇನ ಬೋಂಗೋ ಡ್ರಮ್ ಥರ ಬಾರಿಸಿ, ರಾಜೀನಾಮೆ ಕೊಟ್ಟು ಬರ್ತಾನೆ. ಬರುವಾಗ ದಾರೀಲಿ ಒಂದು ಸೇತುವೆಗೆ ಬೆಂಕಿ ಬೇರೆ! ನೋಟಿಸ್ ಪೀರಿಯಡ್ಡು, ರಿಲೀವಿಂಗ್ ಲೆಟರ್ರು ಅಂತ ಅಲೆದವರು ಆ ದೃಶ್ಯ ನೋಡುವಾಗ ಯಾಕೆ ಅಷ್ಟು ನಗ್ತೀವಿ ಅಂತ ಬಿಡಿಸಿ ಹೇಳಬೇಕಾ?

ಆಮೇಲೆ ಹೆಂಡತಿ ಮಾರ್ಜ್ ಬಸುರಿ ಆಗ್ತಾಳೆ. ಗಂಡ ಜೀವನದಲ್ಲಿ ಮೊದಲ ಸಲ ಖುಷಿಯಾಗಿ ಕೆಲಸಕ್ಕೆ ಹೋಗಿ ಬರ್ತಿದ್ದಾನೆ, ಇದನ್ನ ಹೇಗೆ ಹೇಳೋದು ಅಂತ ಬಾಯಿ ಕಟ್ಕೊಂಡು ಕೂರ್ತಾಳೆ. ಊರಿಗೆಲ್ಲ ಗೊತ್ತು, ಇವನೊಬ್ಬನಿಗೆ ಗೊತ್ತಿಲ್ಲ. ಮನೇಲಿ ಸೀಮಂತದ ಥರ ಹೆಂಗಸರು ಸೇರಿ ಉಡುಗೊರೆ ಕೊಡ್ತಿದ್ದರೂ ಈ ಮಹಾನುಭಾವನಿಗೆ ಹೊಳೆಯಲ್ಲ, ಮಗುವಿಗೆ ಅಂತ ಅಭಿನಂದನೆ ಹೇಳಿದ್ರೂ ಹೊಸ ಕೆಲಸಕ್ಕೆ ಅಂದ್ಕೊಳ್ತಾನೆ. ಕೊನೆಗೆ ಪಕ್ಕದ ಮನೆಯಾಕೆ ಮಾಡ್ ಫ್ಲ್ಯಾಂಡರ್ಸ್ ‘ಹೊಸ ಕೆಲಸಕ್ಕೆ ಅಭಿನಂದನೆ’ ಅಂದಾಗ ಅವನ ತಲೆಯಲ್ಲಿ ದೀಪ ಹತ್ತುತ್ತೆ: ಹೊಸ ಕೆಲಸಾನಾ? ಅಂದ್ರೆ ಮಾರ್ಜ್ ಬಸುರಿ! ಇದ್ದ ಕೂದಲನ್ನೂ ಕಿತ್ಕೊಂಡು ಮೆಟ್ಟಿಲು ಹತ್ತಿ ಓಡ್ತಾನೆ.

ಬೌಲಿಂಗ್ ಅಲ್ಲೆ ಸಂಬಳದಲ್ಲಿ ಮೂರನೇ ಮಗು ಸಾಕೋಕಾಗಲ್ಲ. ಜಾಸ್ತಿ ಕೊಡೋಕೆ ಮಾಲೀಕನ ಕೈಲಾಗಲ್ಲ. ಗಿರಾಕಿಗಳನ್ನ ಕರೆಯೋಕೆ ಹೋಮರ್ ಅಂಗಡಿ ಮುಂದೆ ನಿಂತು ಗಾಳಿಗೆ ಬಂದೂಕು ಹಾರಿಸ್ತಾನೆ, ಅದರ ಫಲ ಏನಾಗಿರುತ್ತೆ ಊಹಿಸಿ. ಕೊನೆಗೆ ವಾಪಸ್ ಸ್ಥಾವರಕ್ಕೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಸ್ಥಾವರದಲ್ಲಿ ಎರಡು ಬಾಗಿಲು. ಒಂದು ಅರ್ಜಿ ಹಾಕೋರಿಗೆ. ಇನ್ನೊಂದು ಅಂಗಲಾಚಿ ಬರೋರಿಗೆ, ನೆಲಕ್ಕೆ ಅಂಟಿಕೊಂಡ ಹಾಗೆ ಪುಟ್ಟದು. ದಪ್ಪ ಹೊಟ್ಟೆಯ ಹೋಮರ್ ಅದರೊಳಗೆ ತೆವಳಿಕೊಂಡು ಬಂದರೆ, ಅದು ತಲುಪೋದು ಬರ್ನ್ಸ್‌ನ ಕೋಣೆಗೇ. ‘ತೆವಳಿಕೊಂಡು ಬಂದೆಯಾ’ ಅಂತ ಹಂಗಿಸ್ತಾನೆ ಮುದುಕ. ಕೆಲಸ ವಾಪಸ್ ಕೊಡ್ತಾನೆ. ಜೊತೆಗೆ ಒಂದು ಫಲಕ. ಇವನಲ್ಲಿ ಉಳಿದಿರೋ ಹುಮ್ಮಸ್ಸನ್ನೂ ಮುರಿದು ಹಾಕೋಕೇ ಮಾಡಿಸಿದ್ದು ಅಂತ ಬಾಯಿಬಿಟ್ಟು ಹೇಳಿ ಅವನ ಮೇಜಿನ ಎದುರು ಜಡಿಸ್ತಾನೆ. ‘ಡೋಂಟ್ ಫರ್ಗೆಟ್, ಯೂ ಆರ್ ಹಿಯರ್ ಫಾರ್ ಎವರ್.’ ಮರೀಬೇಡ, ನೀನು ಸಾಯೋವರೆಗೂ ಇಲ್ಲೇ.

ಮಗು ಹುಟ್ಟುತ್ತೆ, ಅಪ್ಪನ ಬೆರಳು ಹಿಡಿಯುತ್ತೆ, ಹೋಮರ್ ಕರಗಿ ಹೋಗ್ತಾನೆ. ಹಾಗಾದ್ರೆ ಮ್ಯಾಗಿ ಫೋಟೋಗಳೆಲ್ಲಿ ಅಂತ ಮಕ್ಕಳು ಮತ್ತೆ ಕೇಳಿದಾಗ, ನನಗೆ ಹುರುಪು ಎಲ್ಲಿ ಹೆಚ್ಚು ಬೇಕೋ ಅಲ್ಲಿಟ್ಟಿದ್ದೀನಿ ಅಂತಾನೆ. ಆಗ ತೋರಿಸ್ತಾರೆ ಅವನ ಮೇಜು. ಆ ಫಲಕದ ಮೇಲೆ ಮ್ಯಾಗಿ ಫೋಟೋಗಳನ್ನ ಎಲ್ಲೆಲ್ಲಿ ಬೇಕೋ ಅಲ್ಲಲ್ಲಿ ಅಂಟಿಸಿದ್ದಾನೆ, ಉಳಿದ ಅಕ್ಷರ ಮಾತ್ರ ಕಾಣೋ ಹಾಗೆ. ‘ಡೂ ಇಟ್ ಫಾರ್ ಹರ್.’

ಈಗ ಹೇಳಿ, ಆ ಫೋಟೋಗಳನ್ನ ಅಂಟಿಸಿದ್ದು ಯಾರು? ಬರ್ನ್ಸ್ ಅಲ್ಲ! ಹೋಮರ್. ತನ್ನನ್ನ ಮುರಿಯೋಕೆ ಹಾಕಿದ ಫಲಕವನ್ನ, ಮುರಿದವನ ಕಣ್ಣೆದುರೇ, ತನ್ನ ಕೈಯಾರೆ ಮುಚ್ಚಿದ. ಆ ಚಿತ್ರಕ್ಕಿರೋ ಜೀವ ಅಷ್ಟೇ. ಅಡಿಯಲ್ಲಿ ಬರ್ನ್ಸ್‌ನ ಫಲಕ ಇಲ್ಲದೆ ಹೋದ್ರೆ ಮೇಲಿನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ. ನಮ್ಮ ಕಂಪನಿಯವರು ಮಾಡಿದ್ದೇನು? ಫಲಕವನ್ನ ಆಫರ್ ಲೆಟರಲ್ಲಿ, ಬಾಂಡಲ್ಲಿ, ಅಪ್ರೈಸಲ್ಲಲ್ಲಿ ಮೊದಲೇ ಜಡಿದು, ಈಗ ಅದನ್ನ ಮುಚ್ಚೋ ಫೋಟೋನೂ ಅವರೇ ಪ್ರಿಂಟ್ ಹಾಕಿಸಿ ಕೊಟ್ಟರು, ಲೋಗೋ ಸಮೇತ. ಮಗೂನ ಚಿವುಟೋದೂ ಇವರೇ, ತೊಟ್ಟಿಲು ತೂಗೋದೂ ಇವರೇ.

ವಾರಕ್ಕೆ 70 ಗಂಟೆ ದುಡೀರಿ, 90 ಗಂಟೆ ದುಡೀರಿ ಅನ್ನೋ ಉಪದೇಶಗಳನ್ನ ಕೇಳಿದ್ದೀವಲ್ಲ. ಭಾನುವಾರ ಮನೇಲಿ ಕೂತು ಹೆಂಡತಿ ಮುಖ ಎಷ್ಟು ಹೊತ್ತು ನೋಡ್ತೀರಿ ಅಂತ ಒಬ್ಬ ದೊಡ್ಡ ಮನುಷ್ಯರು ಕೇಳಿದ್ದು 2025ರ ಜನವರಿಯಲ್ಲಿ ಸುದ್ದಿಯಾಯ್ತಲ್ಲ. ಮನೆಯವರ ಮುಖ ಮನೇಲಿ ನೋಡಿದ್ರೆ ದಂಡ, ಆಫೀಸಲ್ಲಿ ಫ್ರೇಮ್ ಒಳಗೆ ನೋಡಿದ್ರೆ ಪ್ರೇರಣೆ! ಭೇಷ್.

ಆಫೀಸಲ್ಲಿ ಊಟದ ಹೊತ್ತಿಗೆ ಇದನ್ನ ಹೇಳಿದಾಗ ಒಬ್ಬರು ಅಂದ್ರು, ‘ಏನ್ ಮೇಡಂ, ಅದು ಒಬ್ಬ ತಂದೆಯ ತ್ಯಾಗ. ನೋಡಿದ್ರೆ ಕಣ್ಣಲ್ಲಿ ನೀರು ಬರುತ್ತೆ. ಅದಕ್ಕೂ ಮ್ಯಾನೇಜ್‌ಮೆಂಟ್, ಶೋಷಣೆ ಅಂತ ತರ್ತೀರಲ್ಲ.’ ಬರುತ್ತೆ ಸಾರ್, ನನಗೂ ಬರುತ್ತೆ, ನಿನ್ನೆ ರಾತ್ರೀನೂ ಬಂತು. ಆದ್ರೆ ತ್ಯಾಗ ಮಾಡಿದವನು ಅದರ ಬಗ್ಗೆ ಮಾತಾಡೋದು ಬೇರೆ, ತ್ಯಾಗದಿಂದ ಲಾಭ ಆದವನು ಪೋಸ್ಟರ್ ಮಾಡಿಸೋದು ಬೇರೆ. ಬರ್ನ್ಸ್‌ಗೆ ಕೂಡ ಅಷ್ಟು ನಾಚಿಕೆಗೇಡಿತನ ಇರಲಿಲ್ಲ. ಅವನು ಕ್ರೂರಿ, ಆದ್ರೆ ಕ್ರೂರಿ ಅಂತ ಒಪ್ಪಿಕೊಂಡ ಕ್ರೂರಿ. ನಾನು ನಿನ್ನ ಕುಟುಂಬದ ಥರ ಅಂತ ಹೋಮರ್ ಹೆಗಲ ಮೇಲೆ ಕೈ ಹಾಕಲಿಲ್ಲ.

ಇನ್ನೊಬ್ಬರು, ‘ಕಾರ್ಟೂನ್ ರೀ, ಬಿಡಿ’ ಅಂದ್ರು. ಇವರಿಗೆ ಉತ್ತರ ಕೊಡಲ್ಲ. ಕಾರ್ಟೂನ್ ಆಗಿದ್ರೆ ಫ್ರೇಮ್ ಯಾಕೆ ಮಾಡಿಸಿದ್ರಿ?

ಹೆಣ್ಣುಮಗಳು ಬರೆದದ್ದು ಅಂದಿದ್ದೆನಲ್ಲ. ಎಪಿಸೋಡ್ ಬಂದು ಇಷ್ಟು ವರ್ಷ ಆಯ್ತು, ಎಲ್ಲರೂ ಹೋಮರ್ ಮೇಜಿನ ಮುಂದೆ ನಿಂತು ಅಳ್ತೀವಿ. ಮಾರ್ಜ್ ಮುಚ್ಚಿಟ್ಟಿದ್ದರ ಬಗ್ಗೆ ಒಂದು ಮೀಮ್ ತೋರಿಸಿ ನೋಡೋಣ. ತನ್ನ ಹೊಟ್ಟೆಯಲ್ಲಿರೋ ಮಗುವಿನ ಸುದ್ದಿ, ಗಂಡನ ಖುಷಿ ಕೆಡುತ್ತೆ ಅಂತ ತಾನೇ ನುಂಗಿಕೊಂಡು ಓಡಾಡ್ತಾಳೆ. ಅವಳ ಮೇಜು ಯಾವುದು? ಅಡುಗೆಮನೆ ಕಟ್ಟೆ. ಅಲ್ಲಿ ಯಾವ ಫಲಕವೂ ಇಲ್ಲ, ಬರೆಯದೇನೇ ಗೊತ್ತು. ಬರೆದಾಕೆ ಅದನ್ನ ಒತ್ತಿ ಹೇಳದೆ ಸುಮ್ಮನೆ ಇಟ್ಟು ಹೋಗಿದ್ದಾಳೆ. ನಾನು ಸುಮ್ಮನಿರೋಳಲ್ಲ, ಅದಕ್ಕೇ ಅವಳು ಚಿತ್ರಕಥೆ ಬರೀತಾಳೆ, ನಾನು ಫೇಸ್‌ಬುಕ್ಕಲ್ಲಿ ಬರೀತೀನಿ.

ಮಗಳು ಹುಟ್ಟೋಕೆ ಮುಂಚೆ ನಾನೂ ಒಂದು ಬೌಲಿಂಗ್ ಅಲ್ಲೆ ಬಿಟ್ಟು ಬಂದವಳೇ. ಯಾವುದು ಅಂತ ಹಳಬರಿಗೆ ಗೊತ್ತು, ಹೊಸಬರು ಕಮೆಂಟಲ್ಲಿ ಕೇಳಬೇಡಿ. ಬೇಜಾರಿಲ್ಲ ಅಂದ್ರೆ ಸುಳ್ಳು. ಮತ್ತೆ ಅದೇ ಪರಿಸ್ಥಿತಿ ಬಂದ್ರೆ ಅದೇ ಮಾಡ್ತೀನಿ ಅನ್ನೋದು ನಿಜ. ನನ್ನ ಡ್ರಾಯರ್ ಒಳಗೆ, ಸ್ಟೇಪ್ಲರ್ ಕೆಳಗೆ, ಹಲ್ಲು ಬಿದ್ದ ಬಾಯಲ್ಲಿ ನಗ್ತಿರೋ ಅವಳ ಪಾಸ್‌ಪೋರ್ಟ್ ಸೈಜ್ ಫೋಟೋ ಒಂದಿದೆ. ಸಿಟ್ಟು ನೆತ್ತಿಗೇರಿದಾಗ ಡ್ರಾಯರ್ ಎಳೀತೀನಿ, ನೋಡ್ತೀನಿ, ಮುಚ್ತೀನಿ. ಅದು ನಾನೇ ಇಟ್ಕೊಂಡಿದ್ದು. ಅದರ ಮೇಲೆ ಯಾರ ಲೋಗೋನೂ ಇಲ್ಲ. ಫೋಟೋ ತೆಗೆದು ಗ್ರೂಪಿಗೆ ಹಾಕೋ ಐಟಮ್ ಅಲ್ಲ ಅದು.

ಆ ಎಚ್‌ಆರ್ ಹುಡುಗಿ ಮೇಲೆ ಸಿಟ್ಟಿಲ್ಲ ಮತ್ತೆ. ಮೇಲಿಂದ ಬಂದ ಮೇಲ್‌ನ ಪಾಲಿಸಿದ್ಲು ಅಷ್ಟೇ, ಅವಳ ಮೇಜಿನ ಮೇಲೂ ‘ಫಾರ್ ದೆಮ್’ ಇದೆ ಪಾಪ. ಸಿಟ್ಟು ಇರೋದು ಆ ಚಿತ್ರದ ಅರ್ಧವನ್ನ ಕತ್ತರಿಸಿ ಎಸೆದವರ ಮೇಲೆ.

ಸೀಸನ್ 6, ಹದಿಮೂರನೇ ಎಪಿಸೋಡ್. ಅರ್ಧ ಗಂಟೆನೂ ಹಿಡಿಯಲ್ಲ. ಪೂರ್ತಿ ನೋಡಿ, ಆ ಸಣ್ಣ ಬಾಗಿಲಿನ ದೃಶ್ಯ ಓಡಿಸದೆ ನೋಡಿ, ಆಮೇಲೆ ಜಗಳಕ್ಕೆ ಬನ್ನಿ, ಕಾಯ್ತಿರ್ತೀನಿ. ‘ಬರ್ನ್ಸ್ ಕೆಲಸ ವಾಪಸ್ ಕೊಟ್ಟನಲ್ಲ, ಅದು ದೊಡ್ಡತನ ಅಲ್ವಾ’ ಅಂತ ಕೇಳೋರು ಮಾತ್ರ ದಯವಿಟ್ಟು ಅನ್‌ಫ್ರೆಂಡ್ ಮಾಡ್ಕೊಂಡು ಹೋಗಿ, ನನಗೆ ಬಿಪಿ ಇದೆ.